ಆಮೆನ್ ಅಂದೋರು, ಬಂದೋರು

ಆಮೆನ್ ಅನ್ನೋ ಮಾತು ಫೋನಿನಾಗ ಕಂಡ್ರ ನಂಗ ಈಗ ಅಂಗಾಲಿಂದ ನೆತ್ತಿಗೆ ಉರಿ ಏರ್ತೈತಿ. ದೇವ್ರು ಕ್ಷಮಿಸ್ಲಿ. ಚರ್ಚಿನಾಗ ಕುಂತು ಬಾಯಿ ತುಂಬ ಅಂದ್ರ ಎಷ್ಟು ಚಂದ ಆ ಮಾತು! ಹೆಬ್ಬೆಟ್ಟಿಲೆ ಒತ್ತಿ ಕಳ್ಸಿದ್ರ ಅದಕ್ಕ ಉಪ್ಪೂ ಇಲ್ಲ, ಖಾರಾನೂ ಇಲ್ಲ. ಇದನ್ನ ನಾನು ನನ್ನ ಫೋನಿನಾಗ ಒಂದೇ ಬೆರಳಿಲೆ ಒತ್ತಿ ಒತ್ತಿ ಬರ್ಯಾಕತ್ತೀನಿ. ಬೆರಳು ನೋಯ್ತೈತಿ. ಸಿಟ್ಟು ಬೆರಳಿಗಿಂತ ದೊಡ್ಡದೈತಿ, ಅದಕ್ಕ ಬಿಡವಲ್ಲೆ.

ನಮ್ದು ರಾಯದುರ್ಗ. ಗುಡ್ಡದ ಬುಡಕ್ಕ ನಮ್ಮ ಓಣಿ, ಓಣಿ ಮುಗಿದ ಮ್ಯಾಲ ಕಲ್ಲಿನ ಮೆಟ್ಲು, ಮೆಟ್ಲು ಹತ್ತಿದ್ರ ನಮ್ಮ ಚರ್ಚು. ಒಂದು ಕಾಲಕ್ಕ ಭಾನುವಾರ ಸ್ವಲ್ಪ ತಡ ಆದ್ರ ಚಪ್ಲಿ ಬಿಡಾಕೂ ಜಾಗ ಇರ್ತಿದ್ದಿಲ್ಲ. ಆಮ್ಯಾಲ ಗಾರ್ಮೆಂಟ್ ಬಂತು. ಅರ್ಧ ಸಭಿ ಬೆಂಗ್ಳೂರಿನ ಬಸ್ ಹತ್ತಿ ಫ್ಯಾಕ್ಟರಿ ಸೇರ್ತು. ಉಳಿದ ಅರ್ಧ ಊರಾಗೇ ಜೀನ್ಸ್ ಹೊಲಿಯೋ ಯೂನಿಟ್ ಸೇರ್ತು. ಲೋಡು ಹೋಗ್ಬೇಕು ಅಂದ್ರ ಭಾನುವಾರ ಯಾವ್ದು, ಮಂಗಳವಾರ ಯಾವ್ದು! ಚರ್ಚಿನಾಗ ಉಳಿದೋರು ನಾವು ಒಂದಿಷ್ಟು ಮುದುಕ್ಯಾರು, ಗ್ವಾಡಿಮ್ಯಾಲಿನ ಹಲ್ಲಿ, ನಮ್ಮ ಪಾಸ್ಟ್ರು.

ಪಾಸ್ಟ್ರು ತೆಲುಗಿನ ಕಡಿಯೋರು. ಅರ್ಧ ವಾಕ್ಯ ತೆಲುಗು, ಅರ್ಧ ಕನ್ನಡ. ಒಳ್ಳೇ ಮನುಷ್ಯ, ಅದ್ರಾಗ ಎರಡು ಮಾತಿಲ್ಲ. ಆದ್ರ ಒಂದಿನ ಪ್ರಸಂಗ ಮುಗಿಸಿ ಜೇಬಿನಾಗಿಂದ ಫೋನ್ ತಗ್ದು ಮ್ಯಾಲೆತ್ತಿ ತೋರ್ಸಿ ಅಂದ್ರು, “ಚೂಡಂಡಮ್ಮಾ, ಇನ್ನ ಮ್ಯಾಲ ಯಾರೂ ದೂರ ಇಲ್ಲ. ಬೆಂಗ್ಳೂರಿನೋರು, ಕಣೇಕಲ್ಲಿನೋರು, ಎಲ್ರೂ ಒಂದೇ ಗ್ರೂಪಿನಾಗ. ಬೆಂಚು ಖಾಲಿ ಆದ್ರೇನು, ಫೋನು ತುಂಬಿರ್ತೈತಿ!”

ತುಂಬ್ತು. ಹುಣಸಿ ಚೀಲ ತುಂಬಿದಂಗ ತುಂಬ್ತು. ಹೊತ್ತು ಹುಟ್ಟೋ ಮುಂಚೆ ಗುಲಾಬಿ ಹೂವು, ಹೂವಿನ ಮ್ಯಾಲ ವಾಕ್ಯ, ವಾಕ್ಯದ ಕೆಳಗ ಆಮೆನ್, ಆಮೆನ್, ಆಮೆನ್, ಕೈಮುಗಿದ ಚಿತ್ರ. ಯಾರ್ದೋ ಮಗು ಹುಟ್ಟಿದ್ರ ಆಮೆನ್. ಯಾರಿಗೋ ಜ್ವರ ಬಂದ್ರ ಆಮೆನ್. ‘ಭಾನುವಾರ ಮೋಟ್ರು ಕೆಟ್ಟೈತಿ, ಕೈಕಾಲು ತೊಳ್ಯಾಕ ನೀರಿಲ್ಲ’ ಅಂತ ಪಾಸ್ಟ್ರು ಹಾಕಿದ್ರ ಅದಕ್ಕೂ ಆಮೆನ್! ಏನ್ ಖುಷೀನಪ್ಪ ಇವ್ರಿಗೆ ನೀರಿಲ್ಲದಿದ್ರ ಅಂತ ನಾನು ಒಬ್ಳೇ ಕುಂತು ನಕ್ಕೆ. ಆವಾಗ ನಗು ಬರ್ತಿತ್ತು.

ಈಗ ಅಕ್ಕನ ಮಾತಿಗೆ ಬರ್ತೀನಿ. ಇದೆಲ್ಲಾ ಅಕ್ಕನ ಸಲುವಾಗೇ ಆದದ್ದು.

ಅಕ್ಕ ಅಂದ್ರ ನನ್ನ ಒಡಹುಟ್ಟಿದಾಕಿ ಅಲ್ಲ, ಪಕ್ಕದ ಮನ್ಯಾಕಿ. ಎರಡು ಮನಿಗೂ ಗ್ವಾಡಿ ಒಂದೇ. ಅಕಿ ಒಳಗ ಕೆಮ್ಮಿದ್ರ ನಾನು ಇಲ್ಲಿಂದ “ನೀರು ಕುಡಿ” ಅಂತೀನಿ. ಚರ್ಚಿನಾಗ ಹಾಡು ಎತ್ತೋದು ಅಕಿ, ಹಿಂದಿಂದ ಹಿಡಿಯೋದು ನಾನು, ತಪ್ಪಿದ್ರ ಒಬ್ರ ಮುಖ ಒಬ್ರು ನೋಡಿ ಸೆರಗು ಬಾಯಿಗೆ ಒತ್ಕೊಳ್ಳೋದು ಇಬ್ರೂ. ಮಧ್ಯಾಹ್ನ ಯೂನಿಟ್ಟಿನಿಂದ ಜೀನ್ಸ್ ಗಂಟು ಬರ್ತಾವು, ಕಟ್ಟಿ ಮ್ಯಾಲ ಕುಂತು ಅದ್ರ ಉಳಿದ ದಾರ ಕತ್ತರಿಸ್ತೀವಿ. ಪ್ಯಾಂಟಿನ ಜೇಬು ನೋಡಿ “ಇದ್ರಾಗ ಕೈ ಹಾಕೋನು ಎಂಥೋನಿದ್ದಾನು” ಅಂತ ಅಕ್ಕ ಏನೇನೋ ಕತಿ ಕಟ್ತಾಳ. ಅದನ್ನೆಲ್ಲಾ ಇಲ್ಲಿ ಬರ್ಯಾಕಾಗಲ್ಲ, ಪಾಸ್ಟ್ರು ಓದಿದ್ರ ಕಷ್ಟ. ಅಕ್ಕಗ ಒಬ್ಳೇ ಮಗಳು, ಬೆಂಗ್ಳೂರಿನ ಗಾರ್ಮೆಂಟಿನಾಗ ಕಾಲರ್ ಹೊಲೀತಾಳ.

ಹೋದ ಬ್ಯಾಸ್ಗಿ ಮುಗಿಯೋ ಹೊತ್ನಾಗ ಅಕ್ಕ ನಳದ ಹತ್ರ ಪಾಚಿ ಮ್ಯಾಲ ಕಾಲಿಟ್ಟು ಜಾರಿ ಬಿದ್ಲು. ತೊಡಿ ಎಲುಬು ಮುರೀತು. ಬಳ್ಳಾರಿ ದವಾಖಾನಿಗೆ ಒಯ್ದ್ವಿ. ಆಪರೇಷನ್‌ಗೆ ಒಳಗ ಕರ್ಕೊಂಡು ಹೋಗ್ತಾರ ಅನ್ನೋದ್ರಾಗ ಅಕ್ಕ ನನ್ನ ಕೈ ಹಿಡಿದ್ಲು.

“ಏ, ಕೇಳು. ನಾನು ಎದ್ದು ನಿಂತ್ರ, ನನ್ನ ಕಾಲ ಮ್ಯಾಲ ನಿಂತು ಸಭಿ ಮುಂದ ಸಾಕ್ಷಿ ಹೇಳ್ತೀನಿ ಅಂತ ದೇವ್ರಿಗೆ ಮಾತು ಕೊಟ್ಟೀನಿ. ನೀನು ಕೇಳಿಸ್ಕೊಂಡಿ. ನಾನು ಮರೆತ್ರ ನೀನು ನೆಪ್ಪು ಮಾಡ್ಬೇಕು.”

“ನೀನು ಮರೀತೀ ಏನ? ನಾನು ನಿನ್ನ ಕಡಿಂದ ಈಸ್ಕೊಂಡ ಜರಡಿ ಇನ್ನಾ ಕೇಳ್ತೀ,” ಅಂದೆ. ನಗ್ಲಿ ಅಂತ. ಅಕಿ ನಗ್ಲಿಲ್ಲ.

ಸಾಕ್ಷಿ ಅಂದ್ರ ನಮ್ಮಲ್ಲಿ ಸಣ್ಣ ಮಾತಲ್ಲ. ದೇವ್ರು ಒಂದು ಗಂಡಾಂತರದಿಂದ ಪಾರು ಮಾಡಿದ ಮ್ಯಾಲ ಎದ್ದು ನಿಂತು, ಎಲ್ರ ಮುಖ ನೋಡಿ, ಆದದ್ದು ಆದಂಗ ಹೇಳ್ಬೇಕು. ಹೇಳ್ದೇ ಉಳಿದ್ರ ಪಕ್ಕದ ಮನಿ ಬಟ್ಲ ಖಾಲಿ ವಾಪಸ್ ಕೊಟ್ಟಂಗ. ಯಾರೂ ಏನೂ ಅನ್ನಲ್ಲ, ಆದ್ರ ಕೊಟ್ಟಾಕಿಗೆ ನಿದ್ದಿ ಬರಲ್ಲ.

ಅಕ್ಕ ಎದ್ದು ನಿಂತ್ಲು. ವಾಕರ್ ಹಿಡ್ಕೊಂಡು ಒಳಗಿಂದ ಬಾಗಿಲ ತನಕ ಬರಾಕ ಕಲಿತ್ಲು. ಚರ್ಚಿನ ಮೆಟ್ಲು ಮಾತ್ರ ಹತ್ತಾಕ ಆಗಲ್ಲ. ಪಾಸ್ಟ್ರು “ಕುರ್ಚಿ ಮ್ಯಾಲ ಕುಂದ್ರಿಸಿ ಹೊತ್ಕೊಂಡು ಹೋಗ್ತೀವಮ್ಮಾ” ಅಂದ್ರು.

“ನನ್ನ ಹೊರೋದು ಒಂದೇ ಸಲ ಪಾಸ್ಟ್ರೇ,” ಅಂದ್ಲು ಅಕ್ಕ. “ಅದಕ್ಕ ಇನ್ನೂ ಟೈಮ್ ಐತಿ.”

ಹಂಗಾದ್ರ ಸಭೀನೇ ಅಕ್ಕನ ಮನಿಗೆ ಬರ್ಬೇಕು. ಶುಕ್ರವಾರ ಸಂಜಿ ಮನಿಕೂಟ ಮಾಡೋ ಪದ್ಧತಿ ಮೊದ್ಲಿಂದ ಐತಿ, ಹೊಸದೇನಲ್ಲ. ನಾನೇ ಕರೀತೀನಿ ಅಂದೆ. ಆಗಷ್ಟೇ ನನ್ನ ಸೊಸಿ ತನ್ನ ಹಳೇ ಫೋನು ನಂಗ ಕೊಟ್ಟು, “ಅತ್ತಿ, ಇಲ್ಲಿ ಒತ್ತಿದ್ರ ಅಕ್ಷರ, ಇಲ್ಲಿ ಒತ್ತಿ ಹಿಡಿದ್ರ ಮಾತು” ಅಂತ ಕಲಿಸಿದ್ಲು. ಹೊಸದಾಗಿ ಸೈಕಲ್ ಕಲ್ತೋರಂಗ ನಂಗೂ ಎಲ್ಲಿ ಬೇಕಾದ್ರೂ ಹೋಗೋ ಉಮೇದಿ. ಒತ್ತಿ ಹಿಡಿದು ಹೇಳ್ದೆ: “ಸಭೀಯೋರೆಲ್ರಿಗೂ ವಂದ್ನಾಲು. ಬರೋ ಶುಕ್ರವಾರ ಸಂಜಿ ಅಕ್ಕನ ಮನ್ಯಾಗ ಕೂಟ. ಅಕ್ಕ ಸಾಕ್ಷಿ ಹೇಳ್ತಾಳ. ತಪ್ಪದೇ ಬರ್ರಿ.”

ಆಮೆನ್ ಸುರೀತು ನೋಡ್ರಿ! ಟುಣ್ ಟುಣ್ ಟುಣ್ ಅಂತ ಫೋನು ಕಟ್ಟಿ ಮ್ಯಾಲಿಂದ ಜಾರಿ ಬೀಳೋ ಹಂಗ ಕುಣೀತು. ನಾನು ಒಂದೊಂದೇ ಹೆಸ್ರು ಓದಿ ಅಕ್ಕಗ ಹೇಳ್ದೆ. ಅಕ್ಕನ ಕಣ್ಣು ತುಂಬಿದ್ವು. “ಇಷ್ಟು ಮಂದಿಗೆ ಜಾಗ ಎಲ್ಲೈತೆ?” ಅಂತ ಚಿಂತಿ ಮಾಡಿದ್ಲು. ಮಂಚ ಎತ್ತಿ ಹಿತ್ಲಾಗ ಇಟ್ವಿ. ಚಾಪಿ ಈಸ್ಕೊಂಡು ಬಂದ್ವಿ. ನಾನು ದೊಡ್ಡ ಬುಟ್ಟಿ ತುಂಬ ಮಂಡಾಳು, ಅಂದ್ರ ಮಂಡಕ್ಕಿ, ಒಗ್ಗರಣಿ ಕಲಸಿ, ಮಿರ್ಚಿ ಕರಿಯಾಕ ಹಿಟ್ಟು ಕಲಸಿ ಇಟ್ಟೆ.

ಶುಕ್ರವಾರ ಸಂಜಿ ಬಂದೋರು ಪಾಸ್ಟ್ರ ಹೆಂಡ್ತಿ ಒಬ್ರೇ. ಪಾಸ್ಟ್ರಿಗೆ ಬ್ಯಾರೆ ಊರಾಗ ಕೂಟ, ಉಳಿದ ಮುದುಕ್ಯಾರಿಗೆ ಕತ್ಲಾದ್ರ ಕಣ್ಣು ಕಾಣಲ್ಲ. ಇನ್ನೊಬ್ಬಾಕಿ ಬಂದ್ಲು, ಎದುರು ಮನ್ಯಾಕಿ, ನಮ್ಮ ಸಭಿಯಾಕಿ ಅಲ್ಲ, ಸಕ್ರಿ ಕೇಳಾಕ ಬಂದಿದ್ಲು. ಅಕ್ಕ ವಾಕರ್ ಹಿಡ್ಕೊಂಡು ನಿಂತಾಕಿ ಖಾಲಿ ಚಾಪಿ ನೋಡಿ ಹಂಗೇ ಕುಂತ್ಲು.

“ಬಿಡು, ಮುಂದಿನ ವಾರ ಹೇಳ್ತೀನಿ.”

ಒಗ್ಗರಣಿ ನಾವು ಮರುದಿನ ತಿಂದ್ವಿ. ಅದ್ರ ಮರುದಿನ ಎದುರು ಮನಿ ಆಡು ತಿಂತು. ಮೆತ್ತಗಾದ ಮಂಡಾಳಿನ ರುಚಿ ಇನ್ನಾ ನನ್ನ ನಾಲಿಗಿ ಮ್ಯಾಲೈತಿ.

ಸಿಟ್ಟು ತಡೀಲಾರ್ದೆ ಸೋಮವಾರ ಯೂನಿಟ್ಟಿಗೇ ಹೋದೆ. ನಮ್ಮ ಸಭಿ ಹೆಣ್ಮಕ್ಳು ಒಂದು ಸಾಲು ಪೂರ್ತಿ ಅಲ್ಲೇ ಕುಂತು ಹೊಲೀತಾರ. ಮಷಿನ್ ಸದ್ದಿನಾಗ ಕೂಗಿ ಕೂಗಿ ಮಾತಾಡ್ಬೇಕು. ಬಾಗಿಲ ಹತ್ರ ಕುಂತಾಕಿ, ನಾನೇ ಎತ್ತಿ ಆಡಿಸಿದ ಕೂಸು ಅದು, ಈಗ ದೊಡ್ಡ ಟೈಲರ್.

“ಯಾಕ ಬರ್ಲಿಲ್ಲೇ? ಆಮೆನ್ ಅಂದಿದ್ದೀ!”

“ಯವ್ವಾ, ಆಮೆನ್ ಅಂದಿದ್ದು ಪ್ರಾರ್ಥನಿಗೆ. ಬರ್ತೀನಿ ಅಂದಿದ್ನೇನು?”

“ಪ್ರಾರ್ಥನಿ ಎಲ್ಲಿತ್ತೇ ಅದ್ರಾಗ? ಬಾ ಅಂತ ಕರ್ದಿದ್ದೆ!”

ಅಕಿ ಕಾಲು ಪೆಡಲ್ ಬಿಡ್ಲಿಲ್ಲ. “ಹೌದೇನು? ನಾನು ಕೇಳ್ಲಿಲ್ಲ ಯವ್ವಾ, ಇಲ್ಲಿ ಸದ್ದು. ನೀನು ಹಾಕಿದ್ದು ಅಂತ ಆಮೆನ್ ಅಂದೆ. ನೀನು ಕೆಟ್ಟದ್ದು ಹಾಕ್ತೀಯಾ?” ಅಂದು ನಕ್ಲು. “ಲೋಡು ಐತಿ. ಮತ್ತೊಂದು ಸಲ ಗ್ರೂಪಿನಾಗ ಹಾಕು, ನೋಡ್ತೀವಿ.”

ಎದುರಿಗೆ ನಿಂತೀನಿ. ಕೈಗೆ ಸಿಗೋ ಅಷ್ಟು ಹತ್ರ ನಿಂತೀನಿ. ಗ್ರೂಪಿನಾಗ ಹಾಕು ಅಂತಾಳ! ಆ ಸಾಲಿನಾಗ ಕುಂತೋರೆಲ್ಲಾ ಹೂಂ ಹೂಂ ಅಂದ್ರು. ನಾನು ಬರ್ತಾ ದಾರಿ ತುಂಬ ಒಬ್ಳೇ ಬೈಕೊಂತ ಬಂದೆ. ಅವ್ರನ್ನ ಪೂರ್ತಿ ಬೈಯ್ಯಾಕೂ ಮನಸ್ಸು ಬರವಲ್ದು. ಬೆಳಿಗ್ಗಿಂದ ಬಗ್ಗಿದ ಬೆನ್ನು ಸಂಜಿಗೆ ಎಲ್ಲಿ ನೆಟ್ಟಗಾಗ್ಬೇಕು?

ಪಾಸ್ಟ್ರಿಗೆ ದೂರು ಹೇಳ್ದೆ. ಅವ್ರಿಗೆ ಒಂದು ದಾರಿ ಹೊಳೀತು. “ಅಮ್ಮಾ, ಸಿಂಪಲ್. ಅಕ್ಕನ ಸಾಕ್ಷಿ ವಿಡಿಯೋ ಮಾಡಿ ಗ್ರೂಪಿನಾಗ ಹಾಕ್ರಿ. ಬೆಂಗ್ಳೂರಿನೋರೂ ಕೇಳ್ತಾರ, ಮಗಳೂ ಕೇಳ್ತಾಳ. ಒಂದು ಚರ್ಚಲ್ಲ, ಹತ್ತು ಚರ್ಚಿನ ಮಂದಿ ಕೇಳಿದಂಗ.” ಅವ್ರು ಮರುದಿನ ಮಡಕಶಿರಾ ಕಡೀಗೆ, ರೊಳ್ಳದಾಗ ಯಾವ್ದೋ ಕೂಟಕ್ಕ ಹೊಂಟಿದ್ರು, ಅದಕ್ಕ ಮಾಡೋ ಕೆಲ್ಸ ನಂಗೇ ಬಂತು.

ಅಕ್ಕಗ ಮನಸ್ಸಿರ್ಲಿಲ್ಲ. “ಫೋನಿಗೆ ಮುಖ ಎಲ್ಲೈತಿ? ಯಾರ್ನ ನೋಡಿ ಹೇಳ್ಲಿ?”

“ನನ್ನ ನೋಡಿ ಹೇಳು.”

“ನಿನ್ನ ನೋಡಿದ್ರ ನಗು ಬರ್ತೈತಿ.”

ಕಡೀಗೆ ಬಿಳೀ ಸೀರಿ ಉಟ್ಲು, ಫೋನಿನಾಗ ಬಣ್ಣ ಒಡೀತಾವು ಅಂತ ಯಾರೋ ಹೇಳಿದ್ರಂತ. ಗ್ವಾಡಿಮ್ಯಾಲಿನ ಶಿಲುಬಿ ಕಾಣೋ ಹಂಗ ಮಂಚದ ಮ್ಯಾಲ ಒರಗಿ ಕುಂತ್ಲು. ನಿಂತು ಹೇಳು ಅಂದ್ರ “ಸಭಿ ಬಂದಾಗ ನಿಲ್ತೀನಿ, ಇದಕ್ಕ ಇಷ್ಟೇ ಸಾಕು” ಅಂದ್ಲು. ಪ್ರಾರ್ಥನಿ ಮಾಡಿ ಶುರು ಮಾಡೋದು ಅಕಿ ರೂಢಿ, ಕಣ್ಣು ಮುಚ್ಚಿದ್ಲು. ನಾನು ಗುಂಡಿ ಒತ್ತಿದೆ. ಆಮ್ಯಾಲ ಕಣ್ಣು ತಗ್ದು, ಶಾಲಿ ಹುಡುಗಿ ಪಾಠ ಒಪ್ಪಿಸಿದಂಗ, ಬಿದ್ದೆ, ಎಲುಬು ಮುರೀತು, ದೇವ್ರು ಎಬ್ಬಿಸಿದ, ಸ್ತೋತ್ರ, ಅಂತ ಹೇಳಿ ಮುಗಿಸಿದ್ಲು. ಇದಲ್ಲ ಅಕಿ ಹೇಳ್ಬೇಕಂತಿದ್ದದ್ದು. ನಂಗ ಗೊತ್ತಿತ್ತು, ಅಕಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗಿ ಗ್ರೂಪಿಗೆ ಹಾಕಿದೆ. ‘ಅಕ್ಕನ ಸಾಕ್ಷಿ, ಪೂರ್ತಿ ಕೇಳ್ರಿ’ ಅಂತ ಬರೀಬೇಕಂತಿದ್ದೆ. ‘ಅಕ್ಕ’ ಅಂತ ಬರ್ದು ಒಂದು ಕೈಮುಗಿದ ಚಿತ್ರ ಸೇರಿಸೋದ್ರಾಗ ಬೆರಳು ಎಲ್ಲೋ ತಾಕಿ ಅಷ್ಟೇ ಹೋತು. ಆಗ್ಲಿ, ವಿಡಿಯೋ ಐತಲ್ಲ, ನೋಡಿದ್ರ ತಿಳೀತೈತಿ ಅಂದ್ಕೊಂಡೆ.

ನೋಡಿದ್ರ!

ವಿಡಿಯೋ ತಗೀದೇ ಇದ್ರ ಮ್ಯಾಲ ಕಾಣೋದು ಏನ್ರಿ? ಬಿಳೀ ಸೀರಿ ಉಟ್ಟ ಮುದುಕಿ, ಕಣ್ಣು ಮುಚ್ಚೈತಿ, ತಲಿಮ್ಯಾಲ ಶಿಲುಬಿ. ಅದ್ರ ಕೆಳಗ ‘ಅಕ್ಕ’, ಕೈಮುಗಿದ ಚಿತ್ರ.

ಮೊದ್ಲು ಬೆಂಗ್ಳೂರಿನಿಂದ ಒಬ್ಬ ಇಂಗ್ಲೀಷಿನಾಗ ಮೂರು ಅಕ್ಷರ ಹಾಕಿದ. ಆರ್, ಐ, ಪಿ. ಅವನ ಹಿಂದ ಇನ್ನೊಬ್ಬ, ಅದೇ ಮೂರು. ನಾನು ಅಕ್ಕಗ ಓದಿ ಹೇಳ್ದೆ.

“ಏನದು?” ಅಂದ್ಲು ಅಕ್ಕ. ಕಟ್ಟಿ ಮ್ಯಾಲ ಕುಂತು ಹುರಿಗಡ್ಲಿ ತಿಂತಿದ್ಲು.

“ಬಿ.ಎ., ಬಿ.ಕಾಂ. ಇದ್ದಂಗ ಏನೋ ಇರ್ಬೇಕು. ನಿಂಗ ಡಿಗ್ರಿ ಕೊಟ್ಟಾರ.”

ಆಮ್ಯಾಲ ಕನ್ನಡದಾಗ ಬಂತು: ‘ಅಮ್ಮನವರು ಕರ್ತನಲ್ಲಿ ನಿದ್ರಿಸಿದರು. ಕುಟುಂಬಕ್ಕೆ ಆದರಣೆ ಸಿಗಲಿ.’ ತೆಲುಗಿನಾಗೂ ಬಂತು. ಅಳೋ ಮುಖ, ಒಡೆದ ಎದಿ, ಉರಿಯೋ ಮೇಣದಬತ್ತಿ.

“ಅಕ್ಕ, ನಿನ್ನ ಸಾಯ್ಸ್ಯಾರ.”

“ಯಾರು?”

“ಸಭಿ.”

ಅಕ್ಕ ಕಡ್ಲಿ ಅಗಿಯೋದು ನಿಲ್ಲಿಸಿದ್ಲು. ನಾನು ಗಡಬಡಿಸಿ ಒತ್ತಾಕ ಕುಂತೆ. ‘ಅಕ್ಕ ಬದುಕ್ಯಾಳ’. ಕಳ್ಸಿದೆ. ಉತ್ತರ ಬಂತು: ‘ಹೌದ್ರಿ ಅಮ್ಮ, ಕರ್ತನ ಬಳಿ ಬದುಕ್ಯಾರ. ಆಮೆನ್.’ ‘ಸತ್ತಿಲ್ಲ’ ಅಂತ ಒತ್ತಿದೆ. ‘ನಮ್ಮ ಮನಸಿನಾಗ ಯಾವತ್ತೂ ಸಾಯಲ್ಲ. ಆಮೆನ್.’ ನನ್ನ ಕೈಯಿಂದ ಫೋನು ಕಸ್ಕೊಂಡು ಅಕ್ಕ ತಾನೇ ಒತ್ತಿ ಹಿಡಿದು ಒದರಿದ್ಲು: “ಏ, ನಾನು ಸತ್ತಿಲ್ರೋ! ಕಡ್ಲಿ ತಿನ್ನಾಕತ್ತೀನಿ!” ಅದ್ರ ಕೆಳಗ ಒಬ್ಬಾಕಿ ಬರೆದ್ಲು: ‘ಅವರ ಹಳೇ ಧ್ವನಿ ಕೇಳಿ ಕಣ್ಣೀರು ಬಂತು.’ ಕೇಳಿದ್ದಿಲ್ಲ, ದೇವ್ರಾಣಿ ಕೇಳಿದ್ದಿಲ್ಲ! ಕೇಳಿದ್ರ ಹಂಗ ಬರೀತಿದ್ಲೇನು?

ಪಾಸ್ಟ್ರಿಗೆ ಫೋನ್ ಮಾಡಿದೆ, ಸ್ವಿಚ್ಡ್ ಆಫ್. ಕೂಟದಾಗ ಇರ್ಬೇಕು. ಅಕ್ಕನ ಮಗಳಿಗೆ ಮಾಡಿದೆ. ಅಕಿ ಫೋನು ಫ್ಯಾಕ್ಟರಿ ಗೇಟಿನಾಗ ಕೊಟ್ಟು ಒಳಗ ಹೋಗ್ಬೇಕು, ಊಟದ ಹೊತ್ತಿನ ತನಕ ಸಿಗಲ್ಲ. ಆದ್ರ ಊಟದ ಬೆಲ್ಲಿಗೂ ಮುಂಚೇನೇ ಅಕಿ ಫೋನೇ ಬಂತು. ಮಾತಿಲ್ಲ, ಬರೀ ಬಿಕ್ಕೋ ಸದ್ದು. ನಾನು ಫೋನು ಅಕ್ಕನ ಕಿವಿಗೆ ಒತ್ತಿದೆ.

“ಏನೇ?” ಅಂದ್ಲು ಅಕ್ಕ.

ಆ ಕಡೆ ಬಿಕ್ಕೋದು ಗಕ್ಕನೆ ನಿಂತು ಹೋತು.

“ಅವ್ವಾ?”

“ಹೂಂ.”

“ಇದ್ದೀಯಾ?”

“ಇರ್ದೇ ಎಲ್ಲಿ ಹೋಗ್ಲೇ? ಮೆಟ್ಲು ಇಳ್ಯಾಕೇ ಆಗಲ್ಲ ನಂಗ.”

ಮಗಳು ಅತ್ಲು, ನಕ್ಲು, ಬೈದ್ಲು, ಮತ್ತ ಅತ್ಲು. ಹೊಳ್ಳಿ ನಂಗ ಬೈದ್ಲು. ಆಮ್ಯಾಲ ದನಿ ಸಣ್ಣ ಮಾಡಿ ಅಂದ್ಲು, “ಚಿಕ್ಕವ್ವಾ, ಆಪರೇಷನ್ ಆದಾಗ ರಜಾ ಕೇಳಿದ್ದೆ. ಟಾರ್ಗೆಟ್ ಐತಿ ಅಂತ ಕೊಡ್ಲಿಲ್ಲ. ಈಗ ಸಭಿಯೋರು ಯಾರೋ ಗೇಟಿಗೆ ಫೋನ್ ಮಾಡಿ ಸಾವು ಅಂದ್ರಂತ, ಮೇಡಮ್ಮು ತಾನಾಗೇ ಹೋಗಮ್ಮಾ ಅಂದಾಳ. ನಾನು ಬಸ್ಸಿಗೆ ಹೊಂಟೀನಿ. ಬರ್ತೀನಿ. ನೀವು ಯಾರಿಗೂ ಏನೂ ಹೇಳ್ಬ್ಯಾಡ್ರಿ.”

ಅಕ್ಕ ಎಲ್ಲಾ ಕೇಳಿಸ್ಕೊಂಡ್ಲು. ನಾನು ಮತ್ತ ಫೋನು ತಗ್ದು ಯಾರಿಗೆ ಏನು ಒತ್ಲಿ ಅಂತ ಒದ್ದಾಡ್ತಿದ್ದೆ. ಗ್ರೂಪಿನಾಗ ಈಗ ಬ್ಯಾರೆ ಮಾತು ಶುರುವಾಗಿತ್ತು: ‘ಎಷ್ಟು ಹೊತ್ತಿಗೆ ಎತ್ತೋದು?’, ‘ಯೂನಿಟ್ಟಿನಿಂದ ನಾವೆಲ್ರೂ ಹೊಂಟೀವಿ’, ‘ಕಣೇಕಲ್ಲಿನಿಂದ ಆಟೋ ಮಾಡೀವಿ’.

“ಏನಂತಾರ?” ಅಂದ್ಲು ಅಕ್ಕ.

“ಬರ್ತಾರಂತ.”

“ಎಲ್ರೂ?”

“ಎಲ್ರೂ.”

ಅಕ್ಕ ಸೆರಗಿಲೆ ಬಾಯಿ ಒರ್ಸ್ಕೊಂಡ್ಲು. “ಹಂಗಾರ ನೀನು ಇನ್ನ ಏನೂ ಒತ್ತಬ್ಯಾಡ. ಒತ್ತಿದಷ್ಟೂ ಸಾಯ್ತೀನಿ. ಬರ್ಲಿ ಬಿಡು.” ಆಮ್ಯಾಲ ನನ್ನ ಮುಖ ನೋಡಿ, “ಆ ಹಸ್ರು ಸೀರಿ ಎಲ್ಲೈತಿ ನೋಡು. ಈ ಬಿಳೀದು ನಂಗ ಆಗಿಬರ್ಲಿಲ್ಲ,” ಅಂದ್ಲು.

ನಾನು ಫೋನು ಅಕ್ಕಿ ಡಬ್ಬಿಯೊಳಗ ಹಾಕಿ ಮುಚ್ಚಿದೆ. ಮಂಡಾಳು ತರಾಕ ಹೋದೆ.

ಸಂಜಿ ಆಗ್ತಿದ್ದಂಗ ಓಣಿ ತುದ್ಯಾಗ ಅಳೋ ಸದ್ದು. ನಮ್ಮ ಕಡೆ ಸಾವಿನ ಮನಿಗೆ ಬರೋರು ತಿರುವಿನಾಗೇ ದನಿ ತಗೀತಾರ, “ಯವ್ವಾ, ಹೋದ್ಯಾ ಯವ್ವಾ” ಅಂತ. ಮುಂದ ಅದೇ ಟೈಲರ್ ಹುಡುಗಿ, ಸೀರಿ ತುಂಬ ನೀಲಿ ದಾರದ ಚೂರು ಅಂಟ್ಕೊಂಡಾವು, ಎದಿ ಬಡ್ಕೊಂತ ಬಂದ್ಲು. ಹಿಂದ ಯೂನಿಟ್ಟಿನ ಸಾಲು ಪೂರ್ತಿ. ಅದ್ರ ಹಿಂದ ಕಣೇಕಲ್ಲಿನ ಆಟೋ, ಆಟೋದಾಗ ದೊಡ್ಡ ಚೆಂಡುಹೂವಿನ ಹಾರ.

ಬಾಗಿಲಿನಾಗ ಅಕ್ಕ ಹಸ್ರು ಸೀರಿ ಉಟ್ಟು, ವಾಕರ್ ಹಿಡ್ಕೊಂಡು ನಿಂತಿದ್ಲು.

ಹುಡುಗಿ ದನಿ ಅರ್ಧಕ್ಕ ನಿಂತು ಹೋತು. ಬಾಯಿ ತಗ್ದದ್ದು ಹಂಗೇ ಐತಿ. ಹಿಂದಿನೋರು ಗೊತ್ತಾಗ್ದೇ ಇನ್ನೂ ಅಳ್ತಾ ಬಂದು ಅಕಿ ಬೆನ್ನಿಗೆ ಡಿಕ್ಕಿ ಹೊಡದ್ರು. ಒಬ್ಬಾಕಿ “ಯೇಸಪ್ಪಾ!” ಅಂತ ಕಿರುಚಿ ಕಟ್ಟಿ ಮ್ಯಾಲೇ ಕುಂತು ಬಿಟ್ಲು.

“ವಂದ್ನಾಲು,” ಅಂದ್ಲು ಅಕ್ಕ. “ಬರ್ರಿ ಒಳಗ. ಹೋಗುವಾಗ ಕಾಲು ತೊಳ್ಕೊಳ್ಳೋದು ಬ್ಯಾಡ, ಸಾವಿನ ಮನಿ ಅಲ್ಲ ಇದು.”

ಮೊದ್ಲು ಯಾರೋ ನಕ್ರು. ಆಮ್ಯಾಲ ಸಿಟ್ಟು ಬಂತು. ಕಣೇಕಲ್ಲಿನಿಂದ ಬಂದ ಗಂಡಸು, “ಏನಮ್ಮಾ ಇದು ಹುಡುಗಾಟ? ಆಟೋ ಬಾಡಿಗಿ ಮಾಡಿ ಬಂದೀವಿ,” ಅಂದ. ಯೂನಿಟ್ಟಿನಾಕಿ ಒಬ್ಬಾಕಿ, “ಮಷಿನ್ ಬಿಟ್ಟು ಬಂದೀವ್ರೀ ನಾವು!” ಅಂದ್ಲು.

ಅಲ್ಲೀ ತನಕ ತಡ್ಕೊಂಡಿದ್ದೆ. ಇನ್ನ ಆಗ್ಲಿಲ್ಲ.

“ಹುಡುಗಾಟ ಯಾರ್ದು? ಬದುಕಿದ ಹೆಂಗಸು ಬಾ ಅಂದಾಗ ಆಮೆನ್ ಅಂದು ಮನ್ಯಾಗ ಕುಂತ್ರಿ. ಬದುಕಿದ್ದಾಳ ಅಂದ್ರೂ ಆಮೆನ್, ಸತ್ತಿಲ್ಲ ಅಂದ್ರೂ ಆಮೆನ್! ಹೆಣ ಅಂದ್ಕೂಡ್ಲೇ ಹಾರ ತಂದೀರಿ. ಅಕ್ಕ ಸತ್ತಿಲ್ಲ ಅಂತ ಬ್ಯಾಸ್ರ ಆದೋರು ಯಾರ್ಯಾರು, ಕೈ ಎತ್ರಿ. ಅವ್ರು ಹೋಗ್ಲಿ. ಉಳಿದೋರು ಕುಂದರ್ರಿ.”

ಯಾರು ಎತ್ತಾರು? ಕುಂತ್ರು. ನಾನು ಮರ ಹಿಡ್ಕೊಂಡು ಒಬ್ಬೊಬ್ರ ಮುಂದ ಹೋದೆ, ಅಕ್ಕಿ ಕೇರೋ ಮರ. ಚರ್ಚಿನಾಗ ಕಾಣಿಕಿ ಚೀಲ ಹಿಡಿದಂಗ. “ಫೋನು ಹಾಕ್ರಿ,” ಅಂದೆ. ಹಾಕಿದ್ರು. ಮರದ ಮ್ಯಾಲ ಟವಲ್ ಮುಚ್ಚಿ ಒಳಗ ಇಟ್ಟು ಬಂದೆ.

ಅಕ್ಕ ವಾಕರ್ ಬಿಟ್ಲು. ಒಂದು ಕೈಲೆ ಬಾಗಿಲ ಚೌಕಟ್ಟು ಹಿಡ್ಕೊಂಡ್ಲು ಅಷ್ಟೇ. ಒಬ್ಬೊಬ್ರ ಮುಖ ನೋಡಿದ್ಲು. ಅವಸ್ರ ಮಾಡ್ಲಿಲ್ಲ.

“ವಿಡಿಯೋದಾಗ ಹೇಳ್ದದ್ದು ನೀವು ನೋಡಿಲ್ಲ, ಚಲೋ ಆತು. ಅದ್ರಾಗ ಏನೂ ಇದ್ದಿಲ್ಲ,” ಅಂದ್ಲು. “ದವಾಖಾನ್ಯಾಗ ನಾನು ದೇವ್ರಿಗೆ ಬೈದೆ. ಇದನ್ನ ಪಾಸ್ಟ್ರ ಮುಂದ ಹೇಳಾಕ ಅಂಜ್ಕಿ ಇತ್ತು. ಎಲುಬಿನ ನೋವಿಗಲ್ಲ ಬೈದದ್ದು. ಇನ್ನೊಬ್ರು ನನ್ನ ಸೀರಿ ಎತ್ತಿ ಕೆಳಗ ಪಾತ್ರಿ ಇಡ್ತಿದ್ರಲ್ಲ, ಅದಕ್ಕ. ಇಕಿ ಇಟ್ಟಾಳ,” ನನ್ನ ಕಡೆ ಕೈ ಮಾಡಿದ್ಲು, “ಮುಖ ಆ ಕಡೆ ತಿರುಗಿಸಿ ಹಾಡು ಹಾಡ್ತಾ ಇಟ್ಟಾಳ, ನಂಗ ನಾಚ್ಕಿ ಆಗ್ಬಾರ್ದು ಅಂತ. ನಾನು ಅಂದೆ, ದೇವ್ರೇ, ನಂಗ ಸ್ವರ್ಗ ಬ್ಯಾಡ, ನನ್ನ ಕಾಲ ಮ್ಯಾಲ ನಾನು ಸಂಡಾಸಿಗೆ ಹೋಗೋ ಹಂಗ ಮಾಡು, ಸಾಕು. ಮಾಡ್ಯಾನ. ಒಬ್ಳೇ ಹೋಗ್ತೀನಿ, ಬಾಗಿಲ ಹಾಕ್ಕೊಂತೀನಿ. ಆ ಬಾಗಿಲ ಚಿಲ್ಕ ಹಾಕೋವಾಗೆಲ್ಲಾ ನಾನು ಸ್ತೋತ್ರ ಅಂತೀನಿ. ಇಷ್ಟೇ ನನ್ನ ಸಾಕ್ಷಿ.”

ಹೆಣ್ಮಕ್ಳು ನಕ್ರು, ನಗ್ತಾ ನಗ್ತಾ ಅತ್ರು. ಟೈಲರ್ ಹುಡುಗಿ ಕಣ್ಣೊರ್ಸ್ಕೊಂಡ್ರ ನೀಲಿ ದಾರ ಮುಖಕ್ಕ ಅಂಟ್ತು. ಕೂಸಿನಂಗ ಅಕಿ ನನ್ನ ತೋಳು ಹಿಡ್ಕೊಂಡು, “ನಮ್ಮ ಅವ್ವನೂ ಕಡೀ ಕಾಲಕ್ಕ ಇದನ್ನೇ ಕೇಳ್ತಿದ್ಲು ಯವ್ವಾ,” ಅಂದ್ಲು. ಕಣೇಕಲ್ಲಿನ ಗಂಡಸು ಬಾಯಿಲೆ, ದನಿಲೆ, “ಆಮೆನ್,” ಅಂದ. ಎಷ್ಟು ದಿನದ ಮ್ಯಾಲ ಕಿವಿಲೆ ಕೇಳಿದೆ ಆ ಮಾತು!

ಅಷ್ಟೊತ್ತಿಗೆ ಹಿಂದ ಬ್ಯಾಗ್ ಹೊತ್ಕೊಂಡು ಮಗಳು ಬಂದು ನಿಂತಿದ್ಲು. ಅಕ್ಕ ಅಕಿನ್ನ ನೋಡಿದ್ಲು. ಚೌಕಟ್ಟು ಬಿಟ್ಟು ಕೈ ಚಾಚಿದ್ಲು, ನಾನು ವಾಕರ್ ಮುಂದ ತಳ್ಳಿದೆ. ಮಗಳು ಮಂದಿ ನಡುವ ದಾಟಿ ಬಂದು ಅವ್ವನ ಕೆನ್ನಿ ಮುಟ್ಟಿ ನೋಡಿದ್ಲು, ಬೆಚ್ಚಗೈತೋ ಇಲ್ಲೋ ಅನ್ನೋ ಹಂಗ. ಆಮ್ಯಾಲ ತೋಳಿಗೆ ಒಂದು ಏಟು ಹಾಕಿದ್ಲು.

ಹಾರ ಏನ್ ಮಾಡೋದು ಅಂತ ಆಟೋದೋನು ಕೇಳಿದ. ವಾಕರಿಗೆ ಹಾಕಿದ್ವಿ. ಒಗ್ಗರಣಿ ಒಂದು ಕಾಳೂ ಉಳೀಲಿಲ್ಲ, ಮಿರ್ಚಿ ಸಾಲ್ಲಿಲ್ಲ. ಎದುರು ಮನಿ ಆಡು ಬಂದು ಬುಟ್ಟಿ ಮೂಸಿ ಹೋತು.

ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. ಅದಕ್ಕೇ ನಂಗ ಸಿಟ್ಟು.

ರೊಳ್ಳದಿಂದ ಬಂದ ಪಾಸ್ಟ್ರು, “ಏಮಮ್ಮಾ, ಗ್ರೂಪಿನಾಗ ಸುಳ್ಳು ಸುದ್ದಿ ಹರಡಬಾರ್ದು,” ಅಂತ ನಂಗೇ ಬುದ್ಧಿ ಹೇಳಿದ್ರು. “ಪಾಸ್ಟ್ರೇ, ನಾನು ಹಾಕಿದ್ದು ಸಾಕ್ಷಿ. ಸಾಯ್ಸಿದ್ದು ನಿಮ್ಮ ಸಭಿ,” ಅಂದೆ. ನಕ್ರು, ಆಮ್ಯಾಲ ಅದ್ನೇ ಭಾನುವಾರ ಪ್ರಸಂಗ ಮಾಡಿದ್ರು. ಚರ್ಚಿನಾಗ ಕೇಳಿದೋರು ಮತ್ತ ನಾವು ಮುದುಕ್ಯಾರು, ಆ ಹಲ್ಲಿ. ಪ್ರಸಂಗದ ವಿಡಿಯೋ ಗ್ರೂಪಿಗೆ ಹಾಕಿದ್ರು. ‘ನೋಡದೇ ಆಮೆನ್ ಅನ್ನಬ್ಯಾಡ್ರಿ’ ಅಂತ ಅದ್ರಾಗ ಹೇಳ್ಯಾರ. ಅದಕ್ಕ ಎಷ್ಟು ಆಮೆನ್ ಬಂದ್ವು ಅಂತ ನಾನು ಹೇಳ್ಬೇಕೇನು?

ಮಗಳು ಎರಡು ದಿನ ಇದ್ದು ಹೋದ್ಲು. ಈಗ ಗ್ವಾಡಿ ಆಚಿಂದ ಅಕ್ಕ ಸಂಡಾಸಿನ ಚಿಲ್ಕ ಹಾಕಿದ ಸದ್ದು ಕೇಳ್ತೈತಿ, ಹಿಂದೇ ಸಣ್ಣಗ “ಸ್ತೋತ್ರ” ಅಂತ ಕೇಳ್ತೈತಿ. ಅಕಿ ಕೊಟ್ಟ ಮಾತು ತೀರ್ತು, ನಿದ್ದಿ ಚಲೋ ಬರ್ತೈತಂತ. ಆದ್ರ ಮುಖ ನೋಡಿದ ಮ್ಯಾಲ ಮುಖದ ಆಸಿ ಹೆಚ್ಚಾಗೈತಿ. “ಶುಕ್ರವಾರ ಯಾರ್ಯಾರು ಬರ್ತಾರ, ಕೇಳು,” ಅಂತಾಳ. ಹೋದ ಶುಕ್ರವಾರ ಪಾಸ್ಟ್ರ ಹೆಂಡ್ತಿ ಬಂದಿದ್ರು, ಟೈಲರ್ ಹುಡುಗಿ ಹೊಲಿಗಿ ಮುಗಿಸಿ ತಡವಾಗಿ ಬಂದು ಹಾಡಿನ ಕಡೀ ಸಾಲಿಗೆ ದನಿಗೂಡಿಸಿದ್ಲು. ಅಷ್ಟೇ.

ಇವತ್ತು ಬೆಳಿಗ್ಗಿ ಕಟ್ಟಿ ಮ್ಯಾಲ ಕುಂತು, ಅಕ್ಕ ಪಕ್ಕದಾಗ ಜೀನ್ಸ್ ದಾರ ಕತ್ತರಿಸ್ತಾ ಇರ್ಲಿಕ್ಕ, ನಾನು ಒಂದೊಂದೇ ಅಕ್ಷರ ಒತ್ತಿ ಗ್ರೂಪಿಗೆ ಹಾಕಿದೆ. ಈ ಸಲ ಬೆರಳು ಜಾರ್ಲಿಲ್ಲ.

‘ಬರೋ ಶುಕ್ರವಾರ ಕೂಟ. ಈ ಸಲ ನಾನು ಸತ್ತೀನಿ ಅಂತ ತಿಳ್ಕೊಂಡು ಬರ್ರಿ.’

“ಏನ್ ಬಂತು?” ಅಂದ್ಲು ಅಕ್ಕ, ಕತ್ರಿ ನಿಲ್ಲಿಸ್ದೇ.

ಫೋನು ಟುಣ್ ಅಂತು. ನೋಡಿ, ಕೆಳಗಿಟ್ಟೆ.

“ಆಮೆನ್ ಅಂತ.”